ರೇಷನ್ ಕಾರ್ಡ್ ಬರೆಯುತ್ತಿದ್ದವರು

ಅರವತ್ತರ ದಶಕದಲ್ಲಿ ಮಧುಗಿರಿಯಲ್ಲಿ ರೇಷನ್ ಕಾರ್ಡ್ ಬರೆದುಕೊಡುವ ಗುಮಾಸ್ತರೊಬ್ಬರಿದ್ದರು. ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಇವರು ಪೆನ್ನನ್ನು ಕಿವಿಗೆ ಸಿಕ್ಕಿಸಿ, "ಬಾಯಲ್ಲಿ ಬಂದ್ರೆ ಬರೀತೀನಿ ಕಣಮ್ಮ" ಎಂದು ಕಾಯುತ್ತಿದ್ದರು. ಕೊನೆಗೆ ಪಕ್ಕದವರು ಯಾರಾದರೂ ಹೇಳಬೇಕಿತ್ತು.

ನಾನು ಸಾಲಿನಲ್ಲಿದ್ದ ದಿನ ಅವರ ಹೆಂಡತಿಯೇ ಬಂದರು. ಕಾರ್ಡಿಲ್ಲದೆ ಮನೆಗೆ ಸಕ್ಕರೆ ಸಿಗುವಂತಿರಲಿಲ್ಲ. "ಗಂಡನ ಹೆಸರು?" ಎಂದು ಇವರು ತಲೆಯೆತ್ತದೆ ಕೇಳಿದರು. ಅದು ನಿಯಮನಿಷ್ಠೆಯೋ ತುಂಟತನವೋ, ನನಗೆ ಇಂದಿಗೂ ತಿಳಿಯದು.

"ನಾಳೆಯಿಂದ ಸಪ್ಪೆ ಕಾಫಿ ಕುಡಿಯೋರು ಅಂತ ಬರ್ಕೊಳ್ಳಿ" ಎಂದರು ಆಕೆ.

ಸಾಲೆಲ್ಲ ನಕ್ಕಿತು. ಗುಮಾಸ್ತರು ಹಿಂದೆ ನಿಂತಿದ್ದ ಮುದುಕಿಯತ್ತ ನೋಡಿ, "ನೀನಾದ್ರೂ ನನ್ನ ಹೆಸರು ಹೇಳಜ್ಜಿ" ಎಂದರು. ಅಜ್ಜಿ ಹೇಳಿದಳು, ಅವರು ಬರೆದುಕೊಂಡರು. ನಾನೂ ಕೇಳಿಸಿಕೊಂಡೆ. ಈಗ ಎಷ್ಟು ಯೋಚಿಸಿದರೂ ಆ ಹೆಸರು ನೆನಪಾಗುತ್ತಿಲ್ಲ.