ಮಲಗಿಸಿ ಕಲಿಸುವ ದೊಡ್ಡ ಸಿಸ್ಟರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಾರ್ಡಿನ ಮೂಲೆಯ ಹಾಸಿಗೆಯಲ್ಲಿ ಮಲಗಿರುವುದು ರೋಗಿಯಲ್ಲ, ಮೊದಲ ವರ್ಷದ ನರ್ಸಿಂಗ್ ವಿದ್ಯಾರ್ಥಿನಿ. ಪಾಠದ ನಿಯಮದಂತೆ ಅವಳು ಕೈಕಾಲು ಅಲ್ಲಾಡಿಸುವಂತಿಲ್ಲ, ತುಟಿ ಬಿಚ್ಚುವಂತಿಲ್ಲ. ಗೆಳತಿಯರಿಬ್ಬರು ಆಚೆ ಈಚೆ ನಿಂತು, ಮೈಯಡಿ ಹಾಸಿದ ಬಟ್ಟೆ ಹಿಡಿದು, ಅವಳನ್ನು ಮಗ್ಗುಲಿಗೆ ಹೊರಳಿಸುತ್ತಾರೆ. ಹೊರಳಿಸುತ್ತಲೇ ಹಾಸ್ಟೆಲಿನಲ್ಲಿ ಬಿಸಿನೀರು ಬರದಿದ್ದುದರ ಬಗ್ಗೆ ಹರಟುತ್ತಾರೆ.

"ಸಾಕು, ನಿಲ್ಲಿಸಿ," ಎನ್ನುತ್ತಾರೆ ಹಿರಿಯ ನರ್ಸ್; ಎಲ್ಲರಿಗೂ ಅವರು ದೊಡ್ಡ ಸಿಸ್ಟರ್. ಮಲಗಿದವಳ ಕಡೆ ಬಾಗಿ, "ಹೇಗನ್ನಿಸ್ತಮ್ಮ?" ಎಂದು ಕೇಳುತ್ತಾರೆ.

"ನಾನು ಇಲ್ಲಿ ಇಲ್ವೇ ಇಲ್ಲವೇನೋ ಅನ್ನಿಸ್ತು ಸಿಸ್ಟರ್."

ಗೆಳತಿಯರ ಮುಖ ಸಪ್ಪಗಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅದೇ ಹುಡುಗಿಯರು ಲಕ್ವ ಹೊಡೆದ ಅಜ್ಜಿಯ ಬಳಿ ಹೋಗಿ, "ಅಜ್ಜಿ, ಮಗ್ಗುಲು ಬದಲಾಯಿಸ್ತೀವಿ, ಆಗಬಹುದಾ?" ಎನ್ನುತ್ತಾರೆ. ಅಜ್ಜಿ ತೊದಲುತ್ತಲೇ ಹೇಳುತ್ತಾರೆ: "ಕಿಟಕಿ ಕಡೆ ತಿರುಗಿಸ್ರಮ್ಮ. ಆ ಗೋಡೆ ನೋಡಿ ನೋಡಿ ತಲೆ ಕೆಟ್ಟುಹೋಗಿದೆ."

ಓದುವ ಕಾಲದಲ್ಲಿ ದೊಡ್ಡ ಸಿಸ್ಟರ್ ಮೆಟ್ಟಿಲಿನಿಂದ ಜಾರಿ ಸೊಂಟ ಮುರಿದುಕೊಂಡು ಇದೇ ವಾರ್ಡಿನಲ್ಲಿ ಮಲಗಿದ್ದರು. "ನನ್ನ ಜೊತೆ ಓದೋರೇ ನೋಡ್ಕೋತಿದ್ರು. ಒಳ್ಳೆ ಹುಡುಗೀರು. ಆದ್ರೆ ನಾನೊಂದು ದಿಂಬು ಅನ್ನೋ ಹಾಗೆ, ನನ್ನ ಮೇಲಿಂದಲೇ ಮಾತಾಡ್ಕೊಳೋರು." ಈ ಪಾಠ ಹುಟ್ಟಿದ್ದು ಹಾಗೆ. ಅವರ ಯಜಮಾನರಿಗೆ ಮಾತ್ರ ಇದು ತಮಾಷೆ: "ಮನೇಲಿ ನಾನು ಮಲಗಿದ್ರೆ ಸೋಮಾರಿ, ಅಲ್ಲಿ ಮಲಗಿದ್ರೆ ವಿದ್ಯೆ."

ಈಗ ಆ ಪಾಠಕ್ಕೇ ಕುತ್ತು ಬಂದಿದೆ. ಕಾಲೇಜಿನವರು ರಬ್ಬರ್ ಗೊಂಬೆಯೊಂದನ್ನು ತರಿಸಿ, ರಿಬ್ಬನ್ ಕತ್ತರಿಸಿ, ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದಾರೆ. ಸೋಮವಾರದಿಂದ ಹುಡುಗಿಯರು ಮಲಗುವುದು ಬಂದ್, ಕಲಿಕೆಯೆಲ್ಲ ಗೊಂಬೆಯ ಮೇಲೇ. ಈ ಪಾಠದಿಂದ ರೋಗಿಗಳಿಗೇನು ವ್ಯತ್ಯಾಸವಾಗುತ್ತದೆಂದು ಸಂಶೋಧನೆ ಮಾಡುತ್ತೇನೆ, ಒಂದು ವರ್ಷ ಅವಕಾಶ ಕೊಡಿ ಎಂದು ಸಿಸ್ಟರ್ ಕೇಳಿಕೊಂಡರು. ಸಂಶೋಧನೆಗೆ ಒಪ್ಪಿಗೆ ಕೊಡಬೇಕಾದ ಸಮಿತಿಯ ಹಿರಿಯರೊಬ್ಬರು ನಕ್ಕುಬಿಟ್ಟರು. "ಅಕ್ಕರೆನ ಯಾವುದರಲ್ಲಿ ಅಳೀತೀರಿ?"

ರೋಗಿಗಳನ್ನೇ ಕೇಳೋಣ ಎಂದರೆ, ಅದು ಬರೀ ಅಭಿಪ್ರಾಯವಂತೆ, ಸಂಶೋಧನೆಯಲ್ಲವಂತೆ. ನೋವು ಎಷ್ಟಿದೆ ಎಂದು ದಿನವೂ ರೋಗಿಯನ್ನೇ ಕೇಳಿ ಬರೆದುಕೊಳ್ಳುವ ಆಸ್ಪತ್ರೆಯಲ್ಲಿ ಈ ಮಾತು. ಕೇಳಿದರೆ ಮೈ ಉರಿಯುತ್ತದೆ. ನೋವು ಹೇಳಿಕೊಂಡರೆ ನಂಬುವವರಿಗೆ, ಅವಮಾನ ಹೇಳಿಕೊಂಡರೆ ಕಿವಿ ಏಕೆ ಕೇಳಿಸುವುದಿಲ್ಲ? ಆ ಸಮಿತಿಯ ಮಹನೀಯರನ್ನು ಮೂಲೆಯ ಹಾಸಿಗೆಯಲ್ಲಿ ಒಂದು ಬೆಳಗ್ಗೆ ಮಲಗಿಸಿದ್ದರೆ ಚರ್ಚೆ ಅಲ್ಲಿಗೇ ಮುಗಿಯುತ್ತಿತ್ತು.

ಸಿಸ್ಟರ್ ಮಾತ್ರ ದನಿ ಏರಿಸುವುದಿಲ್ಲ. "ಗೊಂಬೆ ಬೇಡ ಅಂತಲ್ಲ. ಸೂಜಿ ಚುಚ್ಚೋದನ್ನ ಅದರ ಮೇಲೇ ಕಲೀಲಿ ಪಾಪ. ಆದ್ರೆ ಅದನ್ನ ಹೇಗೆ ಎಳೆದಾಡಿದ್ರೂ ಅದಕ್ಕೆ ಬೇಜಾರಾಗಲ್ಲ ನೋಡಿ."

ಸೋಮವಾರವೂ ಅವರು ಹಾಸಿಗೆ ಹಾಸುತ್ತಾರಂತೆ. ಹುಡುಗಿಯರು ಮಲಗಬಾರದೆಂದರೆ ತಾವೇ ಮಲಗುತ್ತಾರಂತೆ, ಬೇಕಾದ ಶಿಕ್ಷೆ ಕೊಡಲಿ. ಇಷ್ಟಕ್ಕೂ ನಿಮಗೆ ಬೇಕಾದ್ದೇನು ಎಂದು ಕೇಳಿದರೆ, ಕೈ ಒರೆಸಿಕೊಳ್ಳುತ್ತ ಹೇಳುತ್ತಾರೆ:

"ನಾನೂ ಒಂದಿನ ಏಳೋಕಾಗದೆ ಮಲಗೋಳೇ. ಅವತ್ತು ಬರೋ ಹುಡುಗಿ, ಮೈ ಮುಟ್ಟೋಕೆ ಮುಂಚೆ ನನ್ನ ಮುಖ ನೋಡ್ಲಿ. ಅಷ್ಟು ಸಾಕು."