ರಾಮ್ಸ್‌ಬಾಟಮ್ ಎಂಬ ರಾಮಪಾದ

ಫೋನಿನಲ್ಲಿ ತಮ್ಮ ಹೆಸರು ಹೇಳಬೇಕಾದಾಗಲೆಲ್ಲ ಪಕ್ಕದ ಮನೆಯ ಮಿಸ್ಟರ್ ರಾಮ್ಸ್‌ಬಾಟಮ್ ಎದ್ದು ನಿಲ್ಲುತ್ತಿದ್ದರು. ಕೂತು ಹೇಳಿದರೆ ಹೆಸರಿನ ಅರ್ಧ ಮುಚ್ಚಿಹೋಗುತ್ತದೆ ಎಂಬುದು ಅವರ ಜೋಕು.

"ರಾಮ್ಸ್, ಆಮೇಲೆ ಬಾಟಮ್. ಹೌದು, ನೀನು ಈಗ ಯಾವುದರ ಮೇಲೆ ಕೂತಿದೀಯೋ ಅದೇ. ನಗೋದಿದ್ರೆ ಈಗ್ಲೇ ನಕ್ಕುಬಿಡು ಮೇಟ್, ಆಮೇಲೆ ಬಿಲ್ ವಿಷಯ ಮಾತಾಡೋಣ."

ಆ ಧ್ವನಿಗೆ ನಮ್ಮ ಬಡಾವಣೆ ಟೂಂಗಾಬಿಯ ಸ್ಟೇಷನ್ನಿನಲ್ಲಿ ನಿಂತ ರೈಲು ಹೊರಡುತ್ತಿತ್ತು. ಆರಡಿ ಆಳು, ಇಲ್ಲಿ ಚಳಿಗಾಲವಾದ ಜುಲೈಯಲ್ಲೂ ಶಾರ್ಟ್ಸ್, ಎರಡು ಸಿಪ್ಪೆ ಸುಲಿದ ತೆಂಗಿನಕಾಯಿಯಂಥ ಮೊಣಕಾಲು. ಇಂಥವರು ನನ್ನ ಅಜ್ಜಿಯನ್ನು ನನ್ನಿಂದ ಕಿತ್ತುಕೊಳ್ಳಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಅಜ್ಜಿ ಮೈಸೂರಿನಿಂದ ವಿಸಿಟರ್ ವೀಸಾದಲ್ಲಿ ಬಂದ ವಾರ, ಪಕ್ಕದವರ ಹೆಸರೇನು ಎಂದು ಅಪ್ಪನನ್ನು ಕೇಳಿದರು. ಅಪ್ಪ ಹೇಳಿದರು. "ಹಂಗಂದ್ರೇನೋ?" ಎಂದರು ಅಜ್ಜಿ. ಹೆತ್ತ ತಾಯಿಗೆ ಆ ಅರ್ಥ ಹೇಳುವ ಧೈರ್ಯ ಅಪ್ಪನಿಗಿಲ್ಲ. ಫ್ರಿಜ್ಜಿನ ಬಾಗಿಲು ನೋಡುತ್ತಾ, "ಬಾಟಮ್ ಅಂದ್ರೆ... ಅಡಿ, ಅಮ್ಮ" ಎಂದುಬಿಟ್ಟರು.

"ರಾಮನ ಅಡಿ. ಅಂದ್ರೆ ರಾಮಪಾದ." ಅಜ್ಜಿ ಬೇಲಿಯ ಕಡೆ ತಿರುಗಿ ಕೈ ಮುಗಿದರು. "ನಮ್ಮ ಕಡೆಯವರೇ ಈಗ ಇಂಥ ಹೆಸರು ಇಡಲ್ಲ ನೋಡು."

ಅಲ್ಲಿಗೆ ನನ್ನ ಕಥೆ ಮುಗಿಯಿತು. ಅಜ್ಜಿಯ ಬಾಣಲೆಯಿಂದ ಮೊದಲು ಮೇಲೆದ್ದ ಕೋಡುಬಳೆ ಹುಟ್ಟಿದಾಗಿನಿಂದ ನನ್ನದು. ಈಗ ಅದು ರಾಮಪಾದರಿಗೆ. ಸಾಲದ್ದಕ್ಕೆ ಡೆಲಿವರಿಯೂ ನಾನೇ. "ಪುಟ್ಟಿ, ಬಿಸಿ ಆರೋದ್ರೊಳಗೆ ಕೊಟ್ಟು ಬಾ." ಸಂಜೆ ಇಬ್ಬರೂ ಬೇಲಿಯ ಆಚೆ ಈಚೆ ಕುರ್ಚಿ ಹಾಕಿಕೊಂಡರೆ ನಡುವೆ ಟ್ರಾನ್ಸ್‌ಲೇಟರ್ ಕೂಡ ನಾನೇ. ಅಜ್ಜಿಗೆ ಬೇಲಿ ಎತ್ತರವೆಂದು ಅವರು ಒಂದು ಹಲಗೆಯನ್ನೇ ಕಿತ್ತುಹಾಕಿದರು, ಡಬ್ಬ ದಾಟಿಸಲು. ಅದೇ ಬೇಲಿಯಾಚೆ ಬಿದ್ದ ನನ್ನ ಬಾಲ್ ಕೇಳಿದರೆ ಮಾತ್ರ, "ಸುತ್ತಿಕೊಂಡು ಬಾ, ಕಾಲಿಗೆ ಒಳ್ಳೇದು."

ಈ ಹೆಸರಿನ ಮಹಿಮೆಯನ್ನು ಮುಗಿಸಲೇಬೇಕೆಂದು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಸಿಕ್ಕಿದ್ದನ್ನು ನೋಡಿ ಹಾಸಿಗೆಯ ಮೇಲೆ ಕುಣಿದೆ. ಮರುದಿನ ಅಜ್ಜಿಯ ಎದುರೇ ಮುಗ್ಧವಾಗಿ ಕೇಳಿದೆ, "ನಿಮ್ಮ ಸರ್‌ನೇಮಿನ ನಿಜವಾದ ಅರ್ಥ ಏನು?"

ಅವರು ಎದೆ ಉಬ್ಬಿಸಿದರು. "ಇಂಗ್ಲೆಂಡಿನ ಉತ್ತರಕ್ಕೆ ಒಂದು ಊರಿದೆ. ಹಳೇ ಇಂಗ್ಲಿಷಲ್ಲಿ ಹ್ರಮ್ಸ ಅಂದ್ರೆ ಕಾಡುಬೆಳ್ಳುಳ್ಳಿ. ಬಾಟಮ್ ಅಂದ್ರೆ ಕಣಿವೆಯ ತಳ. ಟಗರಿನ ಕಣಿವೆ ಅನ್ನೋರೂ ಇದಾರೆ. ಆ ಊರು ಬಿಟ್ಟು ಹೋದೋರನ್ನ ಹೋದ ಕಡೆ ಜನ ಊರಿನ ಹೆಸರಿಂದ್ಲೇ ಕರೆದ್ರು. ಜನ ನಗೋದನ್ನ ತಡೀಲಾರದೆ ಕೆಲವರು ಸ್ಪೆಲಿಂಗ್ ತಿದ್ದಿ ರಾಮ್ಸ್‌ಬಾಥಮ್ ಆದ್ರು. ನಾನು ತಿದ್ದಲಿಲ್ಲ. ನೂರಾರು ವರ್ಷದಿಂದ ನಗ್ತಾ ಇರೋ ಜನಕ್ಕೆ ಯಾಕೆ ಬೇಜಾರು ಮಾಡ್ಲಿ?"

ಒಂದಕ್ಷರ ಬಿಡದೆ ಕನ್ನಡಕ್ಕೆ ತಂದೆ. ಕೊನೆಯಲ್ಲಿ ನನ್ನ ಕೈಯಿಂದ ಸ್ವಲ್ಪ ಉಪ್ಪುಖಾರ: "ರಾಮನೂ ಇಲ್ಲ, ಪಾದಾನೂ ಇಲ್ಲ ಅಜ್ಜಿ. ಬರೀ ಬೆಳ್ಳುಳ್ಳಿ. ಊರು ತುಂಬಾ ಬೆಳ್ಳುಳ್ಳಿ."

ಅಜ್ಜಿ ಬೆಳ್ಳುಳ್ಳಿ ಮುಟ್ಟುವವರಲ್ಲ. ಅವರು ಇರುವಷ್ಟು ದಿನ ಅಮ್ಮನ ಬೆಳ್ಳುಳ್ಳಿ ಪೇಸ್ಟ್ ಗ್ಯಾರೇಜಿನಲ್ಲಿ ತಲೆಮರೆಸಿಕೊಂಡಿರುತ್ತದೆ. ಅಜ್ಜಿ ಬೇಲಿಯ ಸಂದಿಗೆ ಚಾಚಿದ್ದ ಡಬ್ಬವನ್ನು ಅರ್ಧಕ್ಕೇ ನಿಲ್ಲಿಸಿದರು. ಕೋಡುಬಳೆ ನನ್ನ ಕಡೆ ತಿರುಗುವುದನ್ನು ನಾನು ಕಾಯುತ್ತಿದ್ದೆ.

"ಆ ಊರು ನೋಡಿದಾರಂತಾ? ಕೇಳು."

"ಇಲ್ಲ. ನಮ್ಮಪ್ಪನೂ ನೋಡಿರ್ಲಿಲ್ಲ," ಎಂದರು ಅವರು.

"ಪಾಪ. ನೋಡದೇ ಇರೋ ಊರನ್ನ ಹೆಸರಲ್ಲಿಟ್ಕೊಂಡು ಎಲ್ಲರ ಹತ್ರ ನಗಿಸ್ಕೊಂಡಿದಾರೆ. ನೀನು ನೋಡು, ಇನಿಶಿಯಲ್ ಬಿಡಿಸಿ ಹೇಳು ಅಂದ್ರೆ ಸ್ಕೂಲಲ್ಲಿ ನಾಚ್ಕೋತೀಯ. ಅದೂ ನಮ್ಮೂರೇ ಕಣೇ." ಅಜ್ಜಿ ಡಬ್ಬವನ್ನು ವಾಪಸ್ ತೆಗೆದುಕೊಂಡರು. ನಾನು ಕೈ ಚಾಚಿದೆ. "ಇರಿ ಅನ್ನು ಅವರಿಗೆ. ಇನ್ನೊಂದ್ನಾಲ್ಕು ಹಾಕ್ಕೊಂಡು ಬರ್ತೀನಿ."

ಅಜ್ಜಿಯ ವೀಸಾ ಮುಗಿಯಿತು. ಅವರು ಮೈಸೂರಿಗೆ ಹೋದ ಮೇಲೆ ರಾಮ್ಸ್‌ಬಾಟಮ್ ಅವರನ್ನು ಮಗಳು ಮೆಲ್ಬರ್ನಿಗೆ ಕರೆದುಕೊಂಡು ಹೋದಳು. ಕಳೆದ ರಜೆಯಲ್ಲಿ ನಾವು ಮೆಲ್ಬರ್ನಿನ ಕ್ರೇಗಿಬರ್ನ್ ಬಡಾವಣೆಯಲ್ಲಿದ್ದ ಆ ಮಗಳ ಮನೆಗೆ ಹೋದೆವು. ದಾರಿಯುದ್ದಕ್ಕೂ ಅವರಿಗಾಗಿ ಜೋಕುಗಳನ್ನು ತಯಾರು ಮಾಡಿಕೊಂಡಿದ್ದೆ.

ಬಾಗಿಲು ತೆರೆದರು. ಶಾರ್ಟ್ಸ್ ಅದೇ, ಒಳಗಿನ ಕಾಲು ಮಾತ್ರ ಬೇರೆ ಯಾರದೋ ಎನ್ನುವಷ್ಟು ಸಣ್ಣ. ನನ್ನನ್ನು ನೋಡಿ ನಕ್ಕರು. ಆಮೇಲೆ ನನ್ನ ಹೆಗಲ ಮೇಲಿಂದ ಕಾರಿನ ಹಿಂದಿನ ಸೀಟನ್ನು ನೋಡಿದರು.

"ಗ್ರ್ಯಾನ್ ಬರ್ಲಿಲ್ವಾ?"

"ಮೈಸೂರಲ್ಲಿದಾರೆ."

"ಹೌದು, ಹೌದು, ಗೊತ್ತು," ಎಂದರು. ಕಣ್ಣು ಸೀಟಿನ ಮೇಲೆಯೇ ಇತ್ತು.

ಒಂದು ಜೋಕೂ ನೆನಪಾಗಲಿಲ್ಲ. ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಅವರ ಕೈಗಿಟ್ಟೆ.

"ಇಷ್ಟು ಸೊರಗಿಬಿಟ್ರಲ್ಲ, ಸರಿಯಾಗಿ ಊಟ ಮಾಡ್ತೀರೋ ಇಲ್ವೋ?" ಎಂದರು ಅಜ್ಜಿ, ಕನ್ನಡದಲ್ಲಿ.

"ಟೊಮೇಟೊ ಬಂದಿದೆ, ತೋರಿಸ್ತೀನಿ ಇರಿ," ಎಂದರು ಇವರು, ಇಂಗ್ಲಿಷಿನಲ್ಲಿ.

ನಾನು ಟ್ರಾನ್ಸ್‌ಲೇಟ್ ಮಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಫೋನನ್ನು ಹಣತೆಯಂತೆ ಎರಡೂ ಕೈಯಲ್ಲಿ ಹಿಡಿದು ಹಿತ್ತಲಿಗೆ ನಡೆದಿದ್ದರು. ಹಿಂದೆಯೇ ಓಡಿ ಸ್ಕ್ರೀನಿಗೆ ಮುಖ ತೂರಿಸಿದೆ.

"ಅಜ್ಜಿ, ನಾನೂ ಇದೀನಿ."

"ಇರು ಪುಟ್ಟಿ," ಎಂದರು ಅಜ್ಜಿ, "ಮಾತಾಡ್ತಾ ಇದೀವಿ."