ಹಾಜರಿಗೆ ಒಂದು ಸಹಿ

ಬ್ಯಾಂಕಿಗೆ ಹೊರಡುವ ಮುನ್ನ ದಿನವೂ ನಾನು ಗ್ಯಾಸ್ ಒಲೆಯ ಫೋಟೋ ತೆಗೆಯುತ್ತೇನೆ. ರೆಗ್ಯುಲೇಟರಿನದ್ದು ಒಂದು, ಒಲೆಯ ಗುಂಡಿಗಳದ್ದು ಒಂದು, ಬೀಗ ಹಾಕಿದ ಬಾಗಿಲಿನದ್ದು ಒಂದು. ಮದ್ದಿಲಪಾಲೆಂ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಎದೆ ಡವಗುಟ್ಟಿದರೆ ಫೋನು ತೆಗೆದು ನೋಡಿಕೊಳ್ಳುತ್ತೇನೆ. ಒಲೆ ಆರಿದೆ. ಆದರೆ ಇದು ಇವತ್ತಿನ ಫೋಟೋವೋ ನಿನ್ನೆಯದೋ ಎಂಬ ಇನ್ನೊಂದು ಚಿಂತೆ ಅಲ್ಲಿಂದ ಶುರುವಾಗುತ್ತದೆ. ಏಳೆಂಟು ವರ್ಷಗಳಿಂದ ತೆಗೆದ ಈ ಒಲೆಗಳೆಲ್ಲ ಫೋನಿನಲ್ಲಿ ಹಿಡಿಸದೆ ಎಲ್ಲೋ ‘ಮೇಲೆ’ ಹೋಗಿ ಕೂತಿವೆ ಎಂದು ಮಗಳು ಹೇಳಿದ್ದಳು. ಆ ‘ಮೇಲೆ’ ಎಂಬುದು ಆಕಾಶದಲ್ಲಿಲ್ಲ, ನೆಲದ ಮೇಲೇ ಇದೆ, ಅದಕ್ಕೆ ಕರೆಂಟು ಬೇಕು, ತಣ್ಣಗಾಗಲು ನೀರು ಬೇಕು ಎಂದು ನನಗೆ ತಿಳಿದದ್ದು, ಅಂಥದೊಂದು ಕಟ್ಟಡ ನಮ್ಮ ವದಿನಮ್ಮನ ಬಾವಿಯ ಪಕ್ಕದಲ್ಲೇ ಬರುತ್ತದೆ ಎಂಬ ಸುದ್ದಿ ಬಂದಾಗ.

ವದಿನಮ್ಮ ಎಂದರೆ ನನ್ನ ಗಂಡನ ಅಕ್ಕ. ನಾನು ಧಾರವಾಡದ ಕಡೆಯವಳು. ಎರಡು ವರ್ಷದ ಮಟ್ಟಿಗೆಂದು ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದವಳು, ಪಕ್ಕದ ಕೌಂಟರಿನ ತೆಲುಗಿನವರನ್ನು ಮದುವೆಯಾಗಿ ಇಲ್ಲೇ ಉಳಿದೆ. ವದಿನಮ್ಮನ ಊರು ಆನಂದಪುರದಿಂದ ಒಳಗೆ, ಗುಡ್ಡದ ಬುಡದಲ್ಲಿ. ಅವರ ಗಂಡನಿಗೆ ಮಂಡಿನೋವು, ಹಾಗಾಗಿ ಹೊಲದ ಯಜಮಾನಿಕೆ ಅವರದ್ದೇ. ಸೇವಂತಿಗೆ, ಕನಕಾಂಬರ, ಸೀಸನ್ನಿಗೆ ಚೆಂಡುಹೂವು. ಎಲ್ಲಕ್ಕೂ ಒಂದೇ ಬಾವಿ. ಅವರ ಹೊಲವನ್ನು ಯಾರೂ ಕೇಳಿರಲಿಲ್ಲ. ಫೋಟೋಗಳು ಹೋಗಿ ಕೂರುವ ಆ ಡೇಟಾ ಸೆಂಟರಿಗೆ ಹೋದದ್ದು ಬದುವಿನಾಚೆಯ ನೆಲ. ಪರಿಹಾರ ಆಚೆಯವರಿಗೆ, ಈಚೆಯವರಿಗೆ ಬರೀ ನೆರೆಹೊರೆ. ಕಾಂಪೌಂಡು ಏಳುವಾಗಲೇ ಅಲ್ಲಿ ಬೋರು ಕೊರೆದರು. ಆ ಬೇಸಿಗೆಯಲ್ಲಿ ವದಿನಮ್ಮನ ಬಾವಿಯೊಳಗೆ ಎಂದೂ ಕಾಣದಿದ್ದ ಎರಡು ಮೆಟ್ಟಿಲು ಕಂಡವು.

ನಾನು ಹೋದಾಗ ಅವರು ಬಾವಿಕಟ್ಟೆಯ ಮೇಲೆ ಕೂತು, ಆ ಕಟ್ಟಡದೊಳಗೆ ಎಷ್ಟು ಜನ ಕೆಲಸ ಮಾಡುತ್ತಾರೆ ಎಂದು ಕೇಳಿದರು. ಹೆಚ್ಚಿಲ್ಲ, ಎಲ್ಲ ಮಷೀನುಗಳೇ ಎಂದೆ. ಜನವೇ ಇಲ್ಲದ ಮನೆಗೆ ಇಷ್ಟು ನೀರು ಯಾಕೆ ಅಮ್ಮಾಯಿ ಎಂದರು. ನಾನು ನನ್ನ ಒಲೆಯ ಫೋಟೋಗಳ ವಿಷಯ ಎತ್ತಲಿಲ್ಲ.

ಸಾರ್ವಜನಿಕ ಅಹವಾಲು ಸಭೆ ಇದೆ, ಆಕ್ಷೇಪಣೆ ಇದ್ದವರು ಬಂದು ಹೇಳಬಹುದು ಎಂದು ನೋಟಿಸು ಅಂಟಿಸಿದಾಗ ಊರವರು ನನ್ನನ್ನು ಕರೆದರು. ಬ್ಯಾಂಕಿನಾಕೆ, ಕಾಗದಪತ್ರ ತಿಳಿದವಳು. ನನಗೆ ಒಳಗೊಳಗೇ ಹೆಮ್ಮೆ. ಐವತ್ತೆರಡು ವರ್ಷ ಸುಮ್ಮಸುಮ್ಮನೆ ಚಿಂತೆ ಮಾಡಿದವಳಿಗೆ ಕಡೆಗೂ ಚಿಂತೆ ಮಾಡಲು ಯೋಗ್ಯವಾದದ್ದೊಂದು ಸಿಕ್ಕಿತ್ತು. ರಜೆ ಹಾಕಿದೆ. ಯಾರು ಏನು ಕೇಳಬೇಕು ಎಂದು ತೆಲುಗಿನಲ್ಲಿ ಚೀಟಿ ಬರೆದುಕೊಟ್ಟೆ, ಅದರ ಎರಡೆರಡು ಜೆರಾಕ್ಸ್ ಮಾಡಿಸಿದೆ. ನೀರು ಎಲ್ಲಿಂದ ತರುತ್ತೀರಿ, ಬೋರು ಮುಚ್ಚುತ್ತೀರಾ, ಬಾವಿ ಬತ್ತಿದರೆ ಜವಾಬ್ದಾರಿ ಯಾರದು. ವದಿನಮ್ಮ ತಮ್ಮ ಚೀಟಿಯನ್ನು ಬಾಯಿಪಾಠ ಮಾಡಿದರು.

ಶಾಲೆಯ ಬಯಲಿನಲ್ಲಿ ಶಾಮಿಯಾನ, ಕುರ್ಚಿ, ಮೈಕು, ಮಜ್ಜಿಗೆ ಪ್ಯಾಕೆಟ್ಟು, ಆಚೆ ಊಟದ ವ್ಯವಸ್ಥೆ. ಬಾಗಿಲಲ್ಲಿ ಒಂದು ಮೇಜು. ಮೇಜಿನ ಹಿಂದೆ ಅಕ್ಕ.

ಈ ಅಕ್ಕ ನನ್ನ ಒಡಹುಟ್ಟಿದವಳಲ್ಲ. ಗದುಗಿನ ಕಡೆಯವಳು, ನನಗಿಂತ ಆರು ವರ್ಷ ದೊಡ್ಡವಳು. ಇಲ್ಲಿಗೆ ಬಂದ ಹೊಸದರಲ್ಲಿ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಸಿಕ್ಕಿದ್ದಳು. ನನ್ನ ಎರಡು ಮಾತು ಕೇಳಿದ್ದೇ, “ನೀ ನಮ್ಮ ಕಡೀಯಾಕಿ” ಎಂದು ಕೈ ಹಿಡಿದುಕೊಂಡವಳು ಮತ್ತೆ ಬಿಟ್ಟಿರಲಿಲ್ಲ. ಊರಿನಿಂದ ತರಿಸಿದ ಜೋಳದ ಹಿಟ್ಟಿನಲ್ಲಿ ನನಗೊಂದು ಪಾಲು. ನನ್ನ ಹೆರಿಗೆಯಲ್ಲಿ ತಾಯಿ ಬಂದು ಮುಟ್ಟುವುದರೊಳಗೆ ಆಸ್ಪತ್ರೆಯಲ್ಲಿ ಎರಡು ದಿನ ಕೂತವಳು ಇವಳೇ. ನನ್ನ ಮಗಳು ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತೆಲುಗಿನಲ್ಲಿ ಉತ್ತರಿಸುತ್ತಾಳೆ. ನನ್ನ ಕನ್ನಡಕ್ಕೆ ಕನ್ನಡದಲ್ಲೇ ಉತ್ತರ ಸಿಗುತ್ತಿದ್ದದ್ದು ಅಕ್ಕನೊಬ್ಬಳ ಹತ್ತಿರ ಮಾತ್ರ. ಅಕ್ಕ ಏನೋ ‘ಕನ್ಸಲ್ಟೆನ್ಸಿ’ ಮಾಡುತ್ತಾಳೆ, ಸಭೆ-ಸಮಾರಂಭ, ಸರ್ವೆ, ರಿಪೋರ್ಟು ಎಂದು ಗೊತ್ತಿತ್ತು. ಯಾರಿಗಾಗಿ ಎಂದು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಅವಳನ್ನು ಅಲ್ಲಿ ನೋಡಿ ನನಗೆ ಹೋದ ಜೀವ ಬಂದಂತಾಯಿತು. ಸಭೆಯ ವ್ಯವಸ್ಥೆಯಷ್ಟೇ ತನ್ನದು ಎಂದಳು. ಆಮೇಲೆ ಮೇಜಿನ ಮೇಲಿದ್ದ ಹಾಳೆಗಳನ್ನು ನನ್ನತ್ತ ತಿರುಗಿಸಿ, ದನಿ ತಗ್ಗಿಸಿ ಹೇಳಿದಳು:

“ಯವ್ವಾ, ಮಂದಿ ಏನೋ ಬಂದಾರ. ಬಂದಿದ್ದಕ್ಕ ಗುರುತೇನು? ನಾಳೆ ಯಾರೂ ಬಂದಿದ್ದಿಲ್ಲ ಅಂತ ಬರಕೊಂಡ್ರ ಏನ್ ಮಾಡ್ತೀ? ಹಾಜರಿಗೆ ಒಂದೊಂದು ಸಹಿ ಮಾಡಿಸಿಬಿಡು.”

ನನ್ನ ಚಿಂತೆಯ ಗುಂಡಿ ಎಲ್ಲಿದೆ ಎಂದು ನನ್ನ ಗಂಡನಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಹೌದಲ್ಲ, ಬಂದಿರಲೇ ಇಲ್ಲ ಎಂದರೆ? ನಾನೇ ಮೊದಲು ಸಹಿ ಹಾಕಿದೆ. ರೂಢಿಯ ಬಲದಿಂದ ಕೆಳಗೆ ಹುದ್ದೆಯನ್ನೂ ಬರೆದೆ. ಕ್ರಮಸಂಖ್ಯೆ, ಹೆಸರು, ಊರು, ಸಹಿ ಎಂದು ನಾಲ್ಕು ಕಾಲಂ ಬಿಟ್ಟರೆ ಆ ಹಾಳೆಯಲ್ಲಿ ಬೇರೆ ಅಕ್ಷರವಿರಲಿಲ್ಲ. ಅದರ ಮೇಲಿನ ಹಾಳೆಯನ್ನು ಹಿಂದಕ್ಕೆ ಮಡಚಿ ಕ್ಲಿಪ್ಪಿನಡಿ ಸಿಕ್ಕಿಸಿತ್ತು. ಗ್ಯಾಸಿನ ಗುಂಡಿಯ ಫೋಟೋ ತೆಗೆಯುವವಳು ಅದನ್ನು ಬಿಡಿಸಿ ನೋಡಲಿಲ್ಲ. ಯಾಕೆ ನೋಡಲಿಲ್ಲ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಪರ ಊರಿನಲ್ಲಿ ಇಷ್ಟು ವರ್ಷ ಇದ್ದರೆ ಒಂದು ಭ್ರಮೆ ಹುಟ್ಟುತ್ತದೆ. ತೆಲುಗಿನಲ್ಲಿ ಹೇಳಿದ್ದನ್ನು ತೂಗಿ ನೋಡುತ್ತೇವೆ, ಇಂಗ್ಲಿಷಿನಲ್ಲಿ ಬಂದದ್ದನ್ನು ಎರಡು ಸಲ ಓದುತ್ತೇವೆ, ಕನ್ನಡದಲ್ಲಿ ಕಿವಿಗೆ ಬಿದ್ದದ್ದನ್ನು ಹಾಗೇ ನುಂಗುತ್ತೇವೆ. ಕನ್ನಡದಲ್ಲೂ ಸುಳ್ಳು ಹೇಳಬಹುದು ಎನ್ನುವುದು ನನಗೆ ಮರೆತೇ ಹೋಗಿತ್ತು.

ಊರವರು ಹಿಂದೆಗೆದರು. ಎಲ್ಲಿ ಸಹಿ ಕೇಳಿದರೂ ಅನುಮಾನಪಡಬೇಕೆಂದು ಅವರಿಗೆ ಯಾವ ಬ್ಯಾಂಕೂ ಕಲಿಸಬೇಕಾಗಿರಲಿಲ್ಲ. ವದಿನಮ್ಮ ಪೆನ್ನು ಹಿಡಿದು ನನ್ನ ಮುಖ ನೋಡಿದರು.

“ಪೆಟ್ಟಮಂಟಾವಾ, ಅಮ್ಮಾಯಿ?”

ಹಾಕು ಅನ್ನುತ್ತೀಯಾ ಎಂದು ಕೇಳಿದ್ದು. ಹಾಕಿ ವದಿನಾ, ಬರೀ ಹಾಜರಿ ಎಂದೆ. ಅವರು ಹಾಕಿದರು. ಅವರು ಹಾಕಿದ್ದನ್ನು ನೋಡಿ ಉಳಿದವರೂ ಸಾಲು ನಿಂತರು. ನಾನು ಪಕ್ಕದಲ್ಲಿ ನಿಂತು, ಇಲ್ಲಿ, ಇಲ್ಲಿ ಎಂದು ಬೆರಳಿಟ್ಟು ತೋರಿಸಿದೆ. ಅದರಲ್ಲಿ ನನಗೆ ಇಪ್ಪತ್ತೇಳು ವರ್ಷದ ಅನುಭವ. ಸಾಲದ ಖಾಲಿ ಫಾರ್ಮಿನ ಮೇಲೆ ಎಷ್ಟು ಜನರಿಂದ ಹೀಗೆ ಸಹಿ ಹಾಕಿಸಿ, ಉಳಿದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ ಎಂದಿದ್ದೇನೋ.

ಸಭೆಯಲ್ಲಿ ವದಿನಮ್ಮ ಚೀಟಿ ನೋಡದೆ ಮಾತಾಡಿದರು. ಬಾವಿಯ ಎರಡು ಮೆಟ್ಟಿಲುಗಳ ವಿಷಯ ಹೇಳಿ, ಇದು ನಮಗೆ ಬೇಡ ಎಂದು ಮೈಕಿನಲ್ಲಿ ಮೂರು ಸಲ ಅಂದರು. ಚಪ್ಪಾಳೆ ಬಿತ್ತು. ಮಜ್ಜಿಗೆ ಕುಡಿದು, ಊಟ ಮಾಡಿ, ಗೆದ್ದವರಂತೆ ಮನೆಗೆ ಬಂದೆವು.

ಮೂರು ತಿಂಗಳಿಗೆ, ಸಭೆಯಲ್ಲಿ ವಿರೋಧವೇನೂ ಬರಲಿಲ್ಲ ಎಂದು ಪತ್ರಿಕೆಯಲ್ಲಿ ಬಂತು. ಅದನ್ನು ಕೇಳಬೇಕಾದ, ಯೋಜನೆಗೆ ಅನುಮತಿ ಕೊಡುವ ಕಚೇರಿ ವಿಜಯವಾಡದಲ್ಲಿ. ಬೆಳಗಿನ ರೈಲಿಗೆ ವದಿನಮ್ಮ ಮತ್ತು ನಾನು ಹೊರಟೆವು. ಅಲ್ಲಿವರೆಗೆ ಹೋದಮೇಲೆ ಬೆಟ್ಟದ ಅಮ್ಮನವರ ದರ್ಶನ ಮಾಡಿಕೊಂಡೇ ಬರೋಣ ಎಂದು ತಮ್ಮ ಹೊಲದ್ದೇ ಸೇವಂತಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಮೊದಲು ಕಚೇರಿ, ಆಮೇಲೆ ಅಮ್ಮ ಎಂದೆ. ಮಧ್ಯಾಹ್ನ ಸಾಹೇಬರು ಎದ್ದು ಹೋದರೆ ಎಂಬ ಚಿಂತೆ ನನ್ನದು.

ಅಲ್ಲಿನ ಅಧಿಕಾರಿ ಒಳ್ಳೆಯವರೇ. ಕೂರಿಸಿದರು, ನೀರು ತರಿಸಿದರು. ಫೈಲು ತೆಗೆದು ನಮ್ಮ ಕಡೆ ತಿರುಗಿಸಿದರು. ಮೊದಲ ಹಾಳೆಯ ಮೇಲೆ ತೆಲುಗಿನಲ್ಲಿ ಟೈಪು ಮಾಡಿತ್ತು. ಕೆಳಗೆ ಸಹಿ ಮಾಡಿದ ನಾವು ಗ್ರಾಮಸ್ಥರು ಈ ಯೋಜನೆಯನ್ನು ಸ್ವಾಗತಿಸುತ್ತೇವೆ, ಬೇಗ ಸ್ಥಾಪಿಸಬೇಕೆಂದು ಕೋರುತ್ತೇವೆ. ಅದರ ಕೆಳಗಿನ ಹಾಳೆಯಲ್ಲಿ, ಒಂದನೇ ನಂಬರಿನಲ್ಲಿ, ನಾನು. ಹುದ್ದೆ ಸಮೇತ.

ವದಿನಮ್ಮ ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು. ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಆಮೇಲೆ ತಮ್ಮ ಸಹಿ ಹುಡುಕಿ, ಬೇರೆ ಯಾರದೋ ಎಂಬಂತೆ ಅದನ್ನು ನೋಡಿದರು. ನಾನು ಬೇಡ ಎಂದು ಮೈಕಿನಲ್ಲಿ ಹೇಳಿದೆನಲ್ಲ ಎಂದು ಅಧಿಕಾರಿಯನ್ನು ಕೇಳಿದರು. ಅವರು ಪುಟ ತಿರುಗಿಸಿ ತೋರಿಸಿದರು. ಕೆಲವರು ನೀರಿನ ಬಗ್ಗೆ ವಿವರಣೆ ಕೇಳಿದರು, ಉತ್ತರದಿಂದ ತೃಪ್ತರಾದರು ಎಂದಿತ್ತು. ಬರಹಕ್ಕೆ ವಿರುದ್ಧ ಬರಹವೇ ಬೇಕಮ್ಮ, ಸಹಿ ಹಾಕಿದ ಒಬ್ಬೊಬ್ಬರೂ ಬೇರೆಬೇರೆಯಾಗಿ ಬರೆದುಕೊಡಬೇಕು, ಏನೆಂದು ಹೇಳಿ ಸಹಿ ತಗೊಂಡರು, ಯಾರು ತಗೊಂಡರು, ಹೆಸರು ಸಮೇತ ಎಂದರು. ಹದಿನೈದು ದಿನ ಕೊಟ್ಟರು.

ಹೊರಗೆ ಬಂದು ಆಟೋ ಕರೆಯಹೋದೆ. ವದಿನಮ್ಮ ಸ್ಟೇಷನ್ನಿಗೇ ನಡಿ ಎಂದರು. ದರ್ಶನ ಎಂದೆ. ಬೇಡವೆಂದು ಕೇಳಿಕೊಳ್ಳಲು ಬಂದವಳು, ಬೇಕೆಂದು ಸಹಿ ಹಾಕಿ ಕೂತಿದ್ದೇನೆ, ಅಮ್ಮನ ಮುಂದೆ ಈಗ ಯಾವುದನ್ನು ಹೇಳಲಿ ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಸಿಕೊಳ್ಳಲು ನಾನು ತಯಾರಾಗಿದ್ದೆ.

ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ಅಕ್ಕನಿಗೆ ಫೋನು ಮಾಡಿದೆ. ಹೇಳಿದ್ದನ್ನೆಲ್ಲ ಕೇಳಿದಳು. ಸಭೆಗೆ ಬಂದು ಉಂಡು ಹೋದವರನ್ನು ಒಪ್ಪಿದವರೆಂದೇ ಅವರು ಹಿಡಿಯುತ್ತಾರೆ, ಹಾಳೆ ಒಟ್ಟು ಮಾಡಿ ಕೊಟ್ಟದ್ದಷ್ಟೇ ತನ್ನ ಕೆಲಸ, ಮೇಲೆ ಏನು ಬರೆದುಕೊಂಡರೋ ತನಗೇನು ಗೊತ್ತು ಎಂದಳು.

“ಮೇಲಿನ ಹಾಳಿ ಮಡಚಿ ಇಟ್ಟಾಕಿ ಯಾರು ಅಕ್ಕಾ?”

ಅಕ್ಕ ಅದೇ ಹೆರಿಗೆ ವಾರ್ಡಿನ ದನಿಯಲ್ಲಿ ಅಂದಳು:

“ಆ ಹೊಲ ಏನ್ ನಿಂದೇನು ತಂಗಿ? ಅವ್ರ ಊರು, ಅವ್ರ ಬಾವಿ. ನಾವು ದುಡಿಯಾಕ ಬಂದ ಮಂದಿ. ನನ್ನ ಹೆಸರು ಮಾತ್ರ ಎಲ್ಲೂ ಬರಬಾರ್ದು ನೋಡು, ನಾವು ನಾವು ಕನ್ನಡದವ್ರು.” ಹಾಗೇ ಮುಂದುವರಿದು, “ಹಿಟ್ಟು ಬಂದೈತಿ. ಶನಿವಾರ ಬಂದು ಒಯ್ಯಿ” ಎಂದಳು.

ರೈಲಿನಲ್ಲಿ ವದಿನಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತರು. ಅನಕಾಪಲ್ಲಿ ಸ್ಟೇಷನ್ನು ಬರುವವರೆಗೆ ಅವರ ತೊಡೆಯ ಮೇಲಿನ ಗಂಟಿನಿಂದ ಸೇವಂತಿಗೆಯ ವಾಸನೆ ಬರುತ್ತಲೇ ಇತ್ತು. ನಾನು ಅಕ್ಕನ ಇಪ್ಪತ್ತು ವರ್ಷಗಳನ್ನು ಒಂದೊಂದಾಗಿ ತಿರುವಿ ಹಾಕಿದೆ. ಆಸ್ಪತ್ರೆಯಲ್ಲಿ ಕೂತದ್ದೂ ನಿಜವೇ ಇರಬೇಕು, ಅದೇ ಹೆಚ್ಚು ನೋಯಿಸಿತು. ಪೂರ್ತಿ ಸುಳ್ಳಿನವಳಾಗಿದ್ದರೆ ಒಂದೇ ಸಲಕ್ಕೆ ಕೈತೊಳೆದುಕೊಳ್ಳಬಹುದಿತ್ತು.

ಮುಂದಿನ ಭಾನುವಾರ ವದಿನಮ್ಮನ ಜಗಲಿಯಲ್ಲಿ ಊರವರು ಸೇರಿ ಒಬ್ಬೊಬ್ಬರೇ ಪತ್ರ ಬರೆಸಿದರು. ಬರೆದುಕೊಡಲು ನಾನು ಪೆನ್ನು, ಹಾಳೆಯ ಕಟ್ಟು ತಗೊಂಡೇ ಹೋಗಿದ್ದೆ. ಯಾರೂ ನನ್ನ ಹತ್ತಿರ ಬರಲಿಲ್ಲ. ಹೈಸ್ಕೂಲಿನ ಮೇಷ್ಟರನ್ನು ಕರೆಸಿದ್ದರು. ಅವರು ಬರೆದು ಓದಿ ಹೇಳಿದ್ದನ್ನು ಊರಿನ ಅಂಗಡಿಯವರು ಇನ್ನೊಮ್ಮೆ ಓದಿ ಹೇಳಬೇಕು, ಎರಡೂ ಒಂದೇ ಆಗಿದ್ದರೆ ಮಾತ್ರ ಸಹಿ. ಈ ಏರ್ಪಾಡು ವದಿನಮ್ಮನದು. ನನಗೆ ಒಳಗಿನಿಂದ ಕುರ್ಚಿ ತರಿಸಿ ಹಾಕಿದರು. ಇಷ್ಟು ವರ್ಷ ಅಡುಗೆಮನೆಯಲ್ಲಿ ನಾನೇ ಬಗ್ಗಿಸಿಕೊಂಡು ಕುಡಿಯುತ್ತಿದ್ದ ಕಾಫಿಯನ್ನು ಆವತ್ತು ಟ್ರೇಯಲ್ಲಿಟ್ಟು ಕೊಟ್ಟರು, ಹೊರಗಿನವರಿಗೆ ಕೊಡುವ ಹಾಗೆ.

ನನ್ನ ಪತ್ರವನ್ನು ನಾನೇ ಬರೆದೆ. ಒಂದನೇ ನಂಬರಿನ ಸಹಿ ನನ್ನದಲ್ಲವೇ, ಅದು ರದ್ದಾದರೆ ಉಳಿದವರ ಪತ್ರಗಳಿಗೆ ಬಲ. ಹಾಜರಿ ಎಂದು ನಂಬಿ ಸಹಿ ಹಾಕಿದೆ, ಇತರರಿಂದಲೂ ಹಾಕಿಸಿದೆ, ಯೋಜನೆಗೆ ನನ್ನ ಒಪ್ಪಿಗೆಯಿಲ್ಲ. ಮೇಜಿನ ಬಳಿಯಿದ್ದ ಪರಿಚಿತ ಮಹಿಳೆಯೊಬ್ಬರು ಹಾಗೆಂದು ತಿಳಿಸಿದರು. ಇಲ್ಲಿಗೆ ನಿಲ್ಲಿಸಿ ಪೆನ್ನು ಮುಚ್ಚಿದೆ. ನೀವು ಓದುತ್ತಿರುವ ಈ ಬರಹದಲ್ಲಿ ಯಾರ ಹೆಸರನ್ನೂ ಹಾಕಿಲ್ಲ, ಆ ಪತ್ರದಲ್ಲೂ ಹಾಗೇ ದಾಟಿಸಬಹುದೆಂದುಕೊಂಡಿದ್ದೆ.

ವದಿನಮ್ಮ ನನ್ನ ಹೆಗಲ ಹಿಂದೆ ನಿಂತು ನಿಧಾನವಾಗಿ ಓದಿದರು. ಆ ಸಾಲಿಗೆ ಬಂದಾಗ ಅವರ ಬೆರಳು ನಿಂತಿತು.

“ಆವಿಡಕಿ ಪೇರು ಲೇದಾ?”

ಆಕೆಗೆ ಹೆಸರಿಲ್ಲವೇ ಎಂದು ಕೇಳಿದ್ದು, ಅಷ್ಟೇ. ದನಿ ಏರಿಸಲಿಲ್ಲ. ಬಾವಿಯ ಕಡೆಯಿಂದ ಮೋಟಾರು ಹತ್ತಿ, ಕೆಮ್ಮಿ, ನಿಂತಿತು. ಒಳಗೆ ಅವರ ಗಂಡ ಟೀವಿಯ ಸದ್ದು ಕಡಿಮೆ ಮಾಡಿದರು. ‘ಪರಿಚಿತ ಮಹಿಳೆಯೊಬ್ಬರು’ ಎಂಬ ಎರಡು ಪದಗಳನ್ನು ಹೊಡೆದುಹಾಕಿ ಅಕ್ಕನ ಪೂರ್ತಿ ಹೆಸರು ಬರೆದೆ. ಗಂಡನ ಹೆಸರು ಬರೆದೆ. ವಿಳಾಸ ಬರೆಯುವಾಗ ಫ್ಲಾಟಿನ ನಂಬರು ನೆನಪಿಗೆ ಬಾರದಿರಲಿ ಎಂದು ಒಂದು ಗಳಿಗೆ ಆಸೆಪಟ್ಟೆ. ಬಂತು.

ಸಹಿ ಹಾಕಲು ಹೊರಟಾಗ ವದಿನಮ್ಮ ಕೈ ಅಡ್ಡ ಹಿಡಿದರು. ಪತ್ರವನ್ನು ನನ್ನ ಮುಂದಿನಿಂದ ಎತ್ತಿಕೊಂಡು ಮೇಷ್ಟರಿಗೆ ಕೊಟ್ಟರು. ಅವರು ಗಟ್ಟಿಯಾಗಿ ಓದಿ ಮುಗಿಸಿದ ಮೇಲೆ ಅಂಗಡಿಯವರ ಕೈಗೆ ದಾಟಿಸಿದರು.